ಗೌರಮ್ಮನವರ ವಸಡು

ಗೌರಮ್ಮನವರು ನಕ್ಕರೆ ಮೂರು ಮಹಡಿಗೂ ಕೇಳಿಸುತ್ತಿತ್ತು. ಬಿಳೇಕಹಳ್ಳಿಯಲ್ಲಿ ಅವರ ರಾಗಿ ಹೊಲವಿದ್ದ ಜಾಗದಲ್ಲೇ ಎದ್ದ ಕಟ್ಟಡ ಅದು. ನೆಲಮಹಡಿಯಲ್ಲಿ ಅವರು ಓನರ್, ಅವರ ತಲೆಯ ಮೇಲೆ ಬಾಡಿಗೆಗಿದ್ದವರು ನಾವು. ಅರವತ್ತು ದಾಟಿದ್ದರೂ ಕಬ್ಬನ್ನು ಹಲ್ಲಿನಲ್ಲೇ ಸಿಗಿಯುತ್ತಿದ್ದ ಗಟ್ಟಿಗಿತ್ತಿ. ಅವರದ್ದೊಂದು ಕಟ್ಟುನಿಟ್ಟಿತ್ತು: ಒಂದು ಮನೆಯ ವಿಷಯ ಇನ್ನೊಂದು ಮನೆಗೆ ಹೇಳುವಂತಿಲ್ಲ. "ಮೇಲಿನವ್ರದ್ದು ಮೇಲೆ, ಕೆಳಗಿನವ್ರದ್ದು ಕೆಳಗೆ. ಇಲ್ದಿದ್ರೆ ಓನರ್ ಬಾಳು ನಾಯಿಪಾಡು ಕಣಮ್ಮ" ಎನ್ನುತ್ತಿದ್ದರು. ಮೇಲಿನ ಮನೆಯ ಗಂಡ ಹೆಂಡತಿ ಯಾಕೆ ಜಗಳವಾಡುತ್ತಾರೆಂದು ಅವರಿಂದ ಬಾಯಿಬಿಡಿಸಲು ನಾನು ಮಾಡಿದ ಪ್ರಯತ್ನಗಳೆಲ್ಲ ದಂಡವಾದವು.

ಅಂಥವರು ನಗುವುದನ್ನೇ ನಿಲ್ಲಿಸಿದರು. ವಸಡು ಬಾತುಕೊಂಡಿತ್ತು, ಬ್ರಷ್ ತಾಗಿಸಿದರೆ ರಕ್ತ. ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. "ಮುದ್ದೆ ನುಂಗಕ್ಕೆ ಹಲ್ಲು ಯಾಕೆ ಬಿಡು" ಎಂದು ಹೇಳಿದರೂ, ಕಟ್ಟಿಸಿದ ಹಲ್ಲು ಹಾಕಿಕೊಳ್ಳಬೇಕಾದೀತೆಂದು ಒಳಗೊಳಗೇ ಹೆದರಿದ್ದರು. ನಾನೇ ಜೆ.ಪಿ. ನಗರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಶುಗರ್ ಇದ್ಯಾ ಅಮ್ಮ?" ಎಂದು ಡಾಕ್ಟರು ಕೇಳಿದರು.

"ಇಲ್ಲ" ಎಂದರು ಗೌರಮ್ಮನವರು, ಕಣ್ಣು ಮಿಟುಕಿಸದೆ.

ನಾನು ದಂಗಾದೆ. ಅವರ ಶುಗರ್ ಮಾತ್ರೆಯನ್ನು ಎಷ್ಟೋ ಸಲ ನಾನೇ ತಂದುಕೊಟ್ಟಿದ್ದೆ. ಕಣ್ಸನ್ನೆ ಮಾಡಿದ್ದಕ್ಕೆ, "ಅದು ಬನಶಂಕರಿ ಡಾಕ್ಟ್ರ ಕೇಸು, ಇವ್ರಿಗ್ಯಾಕೆ?" ಎಂದು ಪಿಸುಗುಟ್ಟಿದರು. ನನಗೆ ತಡೆಯಲಾಗಲಿಲ್ಲ. "ಇದೆ ಡಾಕ್ಟ್ರೇ, ಜೋರಾಗೇ ಇದೆ" ಎಂದುಬಿಟ್ಟೆ.

ಡಾಕ್ಟರು ಬಿಡಿಸಿ ಹೇಳಿದರು. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡಿನ ಸೋಂಕು ಶುಗರನ್ನು ಇನ್ನಷ್ಟು ಏರಿಸುತ್ತದೆ. ಎರಡನ್ನೂ ಒಟ್ಟಿಗೆ ಹತೋಟಿಗೆ ತರದಿದ್ದರೆ ಹಲ್ಲು ಉಳಿಯುವುದು ಕಷ್ಟ. ಗೌರಮ್ಮನವರು ಮಾತ್ರ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ವಾಪಸು ಬರುವಾಗ ಆಟೋದಲ್ಲಿ ಮಾತಿಲ್ಲ. ಮಾರನೆಯ ಬೆಳಿಗ್ಗೆ ನಮ್ಮ ನಲ್ಲಿಯಲ್ಲಿ ನೀರೂ ಇಲ್ಲ. ಕಟ್ಟಡದಲ್ಲಿ ನಮ್ಮ ಮನೆಯ ವಾಲ್ವು ಮಾತ್ರ ಬಂದಾಗಿತ್ತು.

ಸಂಜೆ ಅವರೇ ಬಂದು ಬಾಗಿಲು ಬಡಿದರು. "ನಿನ್ ಬಚ್ಚಲು ಲೀಕ್ ಆಗಿ ನನ್ ಅಡುಗೆಮನೆ ಗೋಡೆ ಉಬ್ಬಿತ್ತಲ್ಲ, ಮೇಲೆ ಲೀಕ್ ನಿಲ್ಸೋವರ್ಗೂ ಕೆಳಗೆ ಎಷ್ಟ್ ಸಲ ಪೇಂಟ್ ಹೊಡೆಸಿದ್ರೂ ನಿಲ್ಲಲಿಲ್ಲ. ಇದೂ ಅದೇ ಕತೆ ಅಂತ ಈಗ ಹೊಳೀತು" ಎಂದರು. ಆಮೇಲೆ, "ನೀರು ಬಿಟ್ಟಿದೀನಿ. ನಾಳೆ ಬಿಡುವಾಗಿದೀಯಾ? ಇಬ್ರು ಡಾಕ್ಟ್ರಿಗೂ ಚಾಡಿ ಹೇಳ್ಬೇಕು."

ಅವತ್ತಿನಿಂದ ಅವರನ್ನು ಹಿಡಿಯುವವರಿರಲಿಲ್ಲ. ಹಲ್ಲಿನ ಡಾಕ್ಟರ ಮುಂದೆ ಶುಗರ್ ರಿಪೋರ್ಟು, ಶುಗರ್ ಡಾಕ್ಟರ ಮುಂದೆ ಬಾಯಿ ಅಗಲಿಸಿ ವಸಡು. ಸೊಸೆ ಕದ್ದು ಕೊಟ್ಟ ಸಿಹಿಯ ಸುದ್ದಿಯನ್ನೂ ಅವರೇ ಹೋಗಿ ಒಪ್ಪಿಸುತ್ತಿದ್ದರು. ತಿಂಗಳುಗಳು ಹಿಡಿದವು, ಆದರೆ ಅಲ್ಲಾಡುತ್ತಿದ್ದ ಹಲ್ಲು ನಿಂತವು.

ನಾವು ತಲಘಟ್ಟಪುರಕ್ಕೆ ಮನೆ ಬದಲಾಯಿಸಿದೆವು. ಹೋದ ವರ್ಷ ಅವರು ನಿದ್ದೆಯಲ್ಲೇ ತೀರಿಕೊಂಡ ಸುದ್ದಿ ಬಂತು. ತಿಥಿಗೆ ಹೋದೆ. ಬಾಳೆಲೆಯ ಎಡೆಯಲ್ಲಿ ಹೋಳಿಗೆ, ಮೈಸೂರು ಪಾಕು, ರಾಶಿ ಜಿಲೇಬಿ. ನಾನು ಅದನ್ನೇ ನೋಡುತ್ತ ನಿಂತಿದ್ದಾಗ ಅವರ ಮಗ ಹತ್ತಿರ ಬಂದ.

"ಒಂದು ಹಲ್ಲೂ ಬಿದ್ದಿರ್ಲಿಲ್ಲ ಅಕ್ಕ" ಎಂದ. "ತಿನ್ಲಿ ಬಿಡಿ. ಡಾಕ್ಟ್ರಿಗೆ ಹೇಳ್ಬೇಡಿ."

"ಹೇಳಲ್ಲ" ಎಂದೆ. ಎಡೆಯ ಮುಂದೆ ಕೂತು ಅತ್ತುಬಿಟ್ಟೆ.