ಸ್ಟಿಕ್ಕರ್ ಕೆಳಗಿನ ಬಿರುಕು

ಮುಂಬೈ ಸಾಂತಾಕ್ರೂಜಿನ ನಮ್ಮ ಮನೆಯ ದೇವರ ಗೂಡಿನಲ್ಲಿ, ಗಣಪತಿಯ ಪಕ್ಕ, ನನ್ನ ತಮ್ಮನ ಹೆಲ್ಮೆಟ್ಟು ಕೂತಿದೆ. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸುತ್ತಾರೆ. ನನಗೆ ಮೈ ಉರಿಯುತ್ತದೆ.

ತಮ್ಮನಿಗೆ ಡ್ರ್ಯಾಗ್ ರೇಸಿನ ಹುಚ್ಚು. ಎರಡು ಬೈಕು, ಒಂದು ನೇರ ದಾರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸೋಲೋ ಗೆಲುವೋ ತೀರ್ಮಾನ. ಹೈವೇಯಲ್ಲಿ ಕದ್ದು ಓಡಿಸುವವನಲ್ಲ ಅವನು. ಊರಾಚೆಯ ಹಳೆಯ ರನ್‌ವೇಯಲ್ಲಿ ನಡೆಯುವ ಸ್ಪರ್ಧೆಗೇ ಹೋಗುತ್ತಿದ್ದ. ಅಲ್ಲಿ ಚರ್ಮದ ಜಾಕೆಟ್ಟು, ಗ್ಲೌಸು, ಬೂಟು, ಹೆಲ್ಮೆಟ್ಟು ಎಲ್ಲವನ್ನೂ ಮೊದಲು ತಪಾಸಣೆ ಮಾಡುತ್ತಾರೆ. ಯಾವುದೊಂದು ಸರಿಯಿಲ್ಲದಿದ್ದರೂ ಓಡಲು ಬಿಡುವುದಿಲ್ಲ.

ಮೊದಲ ಸಲ ಬಿದ್ದಾಗ ಅವನ ತಲೆಯ ಹಿಂಬದಿ ನೆಲಕ್ಕೆ ಬಡಿದಿತ್ತು. ಎದ್ದು ನಗುತ್ತಾ ಮನೆಗೆ ಬಂದ. ಹೆಲ್ಮೆಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಒಳಗಿನ ಥರ್ಮಾಕೋಲು ಒಂದೇ ಸಲ ಏಟು ನುಂಗುತ್ತದೆ, ಆಮೇಲೆ ಅದು ಬರೀ ಟೊಪ್ಪಿ ಎಂದು ಅವನೇ ನನಗೆ ಹೇಳಿದ. ಮರುದಿನವೇ ದಾದರ್‌ಗೆ ಹೋಗಿ ಹೊಸದು ತಂದೆ.

ಹೋಟೆಲಿನ ಅಡುಗೆಮನೆಯಲ್ಲಿ ಬೆವರು ಸುರಿಸಿ ನಮ್ಮನ್ನು ಸಾಕಿದ ಅಪ್ಪ ಹೊಸದನ್ನು ಮುಟ್ಟಿಯೂ ನೋಡಲಿಲ್ಲ.

"ಹೊಸತರ ಗುಣ ಯಾರಿಗೆ ಗೊತ್ತು ಮಾರಾಯ್ತಿ? ಇದು ಅವನ ಜೀವ ಉಳಿಸಿದ್ದು. ಬಿಸಾಡ್ಲಿಕ್ಕೆ ಉಂಟಾ?"

"ಅವನ ಬದಲು ಅದು ಸತ್ತಿದೆ ಅಪ್ಪ."

"ದೇವರೆದುರು ಅಂಥ ಮಾತು ಬೇಡ."

ಆಯುಧಪೂಜೆಯ ದಿನ ಬೈಕಿನ ಜೊತೆ ಹೆಲ್ಮೆಟ್ಟಿಗೂ ಅರಿಸಿನ, ಕುಂಕುಮ, ಹೂವು. ಬಿರುಕಿನ ಮೇಲೆ ಸರಿಯಾಗಿ ದೇವಿಯ ಸ್ಟಿಕ್ಕರನ್ನು ಅಪ್ಪ ಒತ್ತಿ ಅಂಟಿಸಿದರು. ನಾನು ತಮ್ಮನ ಮುಖ ನೋಡಿದೆ.

"ಛೋಡ್ ನಾ ಅಕ್ಕ, ಅಪ್ಪನಿಗೆ ಬೇಜಾರಾಗ್ತದೆ. ಒಂದು ರೇಸ್ ಅಷ್ಟೇ," ಎಂದ. ಹೊಸ ಹೆಲ್ಮೆಟ್ಟು ಡಬ್ಬಿಯಲ್ಲೇ ಉಳಿಯಿತು.

ರೇಸಿನ ದಿನ ತಪಾಸಣೆಯವನು ಹಳೆಯದನ್ನು ತಿರುಗಿಸಿ ನೋಡಿ, ದೇವಿಯನ್ನು ಕಣ್ಣಿಗೊತ್ತಿಕೊಂಡು ವಾಪಸ್ ಕೊಟ್ಟನಂತೆ. ಜೊತೆಗಿದ್ದ ಗೆಳೆಯ ಆಮೇಲೆ ಇದನ್ನು ನನಗೆ ಭಕ್ತಿಯಿಂದಲೇ ಹೇಳಿದ. ಬಿರುಕು ಕಂಡಿದ್ದರೆ ತಮ್ಮನನ್ನು ಹೊರಗೆ ಹಾಕುತ್ತಿದ್ದರು. ದೇವಿಯನ್ನು ಕೆರೆದು ನೋಡಲು ಯಾರಿಗೆ ಕೈ ಬರುತ್ತದೆ?

ಕೊನೆಯ ಗೆರೆ ದಾಟಿ ವೇಗ ಇಳಿಸುವಾಗ ತಮ್ಮ ಬಿದ್ದ. ಅದೇ ಜಾಗಕ್ಕೆ ಏಟು.

ಈಗ ಅವನು ಮನೆಯಲ್ಲೇ ಇದ್ದಾನೆ. ನೀರು ಬೇಕಾದಾಗ ಲೋಟ ತೋರಿಸುತ್ತಾನೆ, ಹೆಸರು ಸಿಗುವುದಿಲ್ಲ. ನಾನು ದಿನಾ ಎದುರು ಕೂತು ಮಾತು ಕಲಿಸುತ್ತೇನೆ, ಅವನು ಬಾಯಿ ಆಡಿಸುತ್ತಾನೆ. ನೆಂಟರು ಬಂದು ಚಹಾ ಕುಡಿದು, ಆ ಹೆಲ್ಮೆಟ್ಟು ಎರಡು ಸಲ ಜೀವ ಉಳಿಸಿತಲ್ಲ ಎಂದು ಕೈಮುಗಿಯುತ್ತಾರೆ. ಅವರ ಬಾಯಿಗೆ ನನ್ನ ಚಪ್ಪಲಿ ತುರುಕಬೇಕು ಅನ್ನಿಸುತ್ತದೆ.

ಈ ಸಲದ ಆಯುಧಪೂಜೆಗೆ ಅಪ್ಪ ಅದನ್ನು ಕೆಳಗಿಳಿಸಿ ಒರೆಸಲು ಕೂತರು. ಪಕ್ಕದಲ್ಲಿದ್ದ ತಮ್ಮ ಕೈ ಚಾಚಿ ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಎಬ್ಬಿಸತೊಡಗಿದ. ಬೇಡ ಮಗಾ, ದೇವರು ಅದು ಎಂದರು ಅಪ್ಪ. ಅವನು ಬಿಡಲಿಲ್ಲ. ಪೂರ್ತಿ ಕಿತ್ತ ಮೇಲೆ ಬಿರುಕಿನ ಮೇಲೆ ಬೆರಳಿಟ್ಟು, ಬಹಳ ಹೊತ್ತು ಪದ ಹುಡುಕಿ, ನಾನು ಕಲಿಸದ ಒಂದು ಮಾತು ಹೇಳಿದ.

"ಒಡ್ದಿದೆ."

"ಯಾವುದು ಮಗಾ?" ಅಪ್ಪ ಕೇಳಿದರು.

ಅವನು ಬೆರಳನ್ನು ಎತ್ತಿ ತನ್ನ ತಲೆಯ ಹಿಂಬದಿಗೆ ಇಟ್ಟುಕೊಂಡ.