ಚುಕ್ಕೆ ಇರುವ ವಜ್ರ

ಪ್ರಯೋಗಾಲಯದಲ್ಲಿ ಬೆಳೆದ ವಜ್ರವೂ ವಜ್ರವೇ, ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೂ ನಮಗೆ ಕಲ್ಲಿಗಿಂತ ಅದರ ಹುಟ್ಟೇ ಮುಖ್ಯ.

ಅಕ್ಕನ ಕೆಲಸ ಅಂಥ ವಜ್ರಗಳ ಗುಣ ಅಳೆಯುವುದು. ಬಿಳಿ ದೀಪದಡಿ ಕಲ್ಲನ್ನು ತಲೆಕೆಳಗಾಗಿಟ್ಟು ಬಣ್ಣ ನೋಡುತ್ತಾಳೆ, ಮಸೂರ ಹಿಡಿದು ಒಳಗಿನ ಕಲೆ ಹುಡುಕುತ್ತಾಳೆ. ತಂಗಿ ತಾನು ಮೆಚ್ಚಿದ ಹುಡುಗನಿಗೆ ಉಂಗುರ ಕೊಂಡಳು. ನಿಶ್ಚಿತಾರ್ಥದ ದಿನ ಹುಡುಗನ ಸೋದರತ್ತೆ ಅದನ್ನು ಅಕ್ಕನ ಮುಂದೆಯೇ ಹಿಡಿದರು.

"ನೋಡಮ್ಮ, ಭೂಮಿಲಿ ಹುಟ್ಟಿದ್ದಕ್ಕೆ ಒಂದು ಕಲೆನಾದ್ರೂ ಇರತ್ತೆ. ಇದು ಫ್ಯಾಕ್ಟರಿ ಮಾಲಾದ್ರೆ ಈ ಸಂಬಂಧ ಬೇಡ, ಎದ್ದು ಹೋಗ್ತೀವಿ."

ಅಕ್ಕ ಮಸೂರ ಕಣ್ಣಿಗಿಟ್ಟಳು. "ಒಂದು ಕಪ್ಪು ಚುಕ್ಕೆ ಇದೆ."

"ಇದ್ಯಾ! ಸದ್ಯ, ಬದುಕಿದ್ವಿ!" ಅಂಗಡಿಯಲ್ಲಿ ಕಲೆ ಕಂಡರೆ ಮೂಗು ಮುರಿಯುವ ಅತ್ತೆ, ಕಲೆ ಸಿಕ್ಕಿತೆಂದು ತಂಗಿಯನ್ನು ತಬ್ಬಿಕೊಂಡರು.

ಆ ಚುಕ್ಕೆ ಲೋಹದ್ದು. ಯಂತ್ರದೊಳಗೆ ಕರಗಿದ ಲೋಹದಲ್ಲಿ ಕಲ್ಲು ಬೆಳೆಯುವಾಗ ಸಿಕ್ಕಿಕೊಂಡದ್ದು. ಸುಮ್ಮನಿರು ಎಂದು ತಂಗಿ ಕಣ್ಣಲ್ಲೇ ಬೇಡಿದಳು. ಆದರೆ ಸುಳ್ಳಿನ ಮೇಲೆ ತಂಗಿಯ ಸಂಸಾರ ಕಟ್ಟಲು ಅಕ್ಕನಿಗೆ ಮನಸ್ಸಾಗಲಿಲ್ಲ.

"ಅಮ್ಮಾ, ಆ ಚುಕ್ಕೆನೇ ಹೇಳತ್ತೆ, ಇದು ಯಂತ್ರದಲ್ಲಿ ಬೆಳೆದಿದ್ದು ಅಂತ."

ಅತ್ತೆ ದಡಕ್ಕನೆ ಎದ್ದರು. ಹುಡುಗ ಕುರ್ಚಿ ಬಿಡಲಿಲ್ಲ.

"ಕೂತ್ಕೊಳಿ ಅತ್ತೆ. ನಾನೂ ಲ್ಯಾಬಿನವನೇ ಅಲ್ವಾ? ಡಾಕ್ಟ್ರು ಗಾಜಿನ ತಟ್ಟೆಲಿ ಶುರು ಮಾಡ್ಕೊಟ್ಟ ಮಗು ಅಂತ ನೀವೇ ಬೀದಿಗೆಲ್ಲ ಸಿಹಿ ಹಂಚಿದ್ರಂತೆ. ಈಗ ನನ್ನನ್ನೂ ವಾಪಸ್ ಕೊಟ್ಬಿಡ್ತೀರಾ?"

ಅತ್ತೆ ಕೂತರು. ಆಮೇಲೆ ತಾವೇ ಉಂಗುರ ಎತ್ತಿ ತಂಗಿಯ ಕೈಗಿಟ್ಟು, "ಹೂಂ, ತೊಡಿಸು" ಎಂದರು.

ಹುಟ್ಟು ಹುಡುಕುವ ಮಸೂರ ನಿಮ್ಮ ಜೇಬಿನಲ್ಲೂ ಇದೆ. ತೆಗೆದು ಕೆಳಗಿಡಿ, ಈಗಲೇ.