ವೀರಗಲ್ಲಿನ ಬೆನ್ನ ಹಿಂದಿನ ಡಬ್ಬಿ

ಮೊನ್ನೆ ಪಂಚಾಯ್ತಿ ಕಚೇರಿಯಲ್ಲಿ ಗುಮಾಸ್ತ ನನ್ನ ನರೆತ ತಲೆ ನೋಡಿ, ಒಂದು ಮಾತೂ ಕೇಳದೆ ಮಸಿ ಪ್ಯಾಡ್ ಮುಂದಕ್ಕೆ ತಳ್ಳಿದ. ಮುಚ್ಚಳ ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಹೊಡೆಯಿತು. "ಪೆನ್ನು ಕೊಡಪ್ಪ" ಅಂದೆ. ಸಹಿ ಮಾಡಿ ಬಂದೆ. ಮನೆಗೆ ಬಂದರೂ ವಾಸನೆ ಬಿಡಲಿಲ್ಲ. ಅಕ್ಕೋರು ನೆನಪಾದರು.

ಅಕ್ಕೋರು ಅಂದರೆ ನಮಗೆ ಅಕ್ಷರ ಕಲಿಸಿದವರು. ತೊಂಬತ್ತನೇ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು. ದೊಡ್ಡವರಿಗೂ ಓದು ಬರಹ ಕಲಿಸಬೇಕು ಅಂತ ಸರ್ಕಾರದಿಂದ ಊರೂರಿಗೆ ಜನ ಬರುತ್ತಿದ್ದ ಕಾಲ. ಸೊರಬದ ಕಡೆಯ ಹುಡುಗಿ, ಆನವಟ್ಟಿಯಿಂದ ಹತ್ತು ಗಂಟೆ ಬಸ್ಸಿಗೆ ಬಂದಿಳಿಯುತ್ತಿದ್ದರು. ಸಣ್ಣ ದೇಹ, ದೊಡ್ಡ ಗಂಟಲು. ಮಾತಿಗೊಂದು ಮಾರಾಯ್ತಿ. ನಾವು ಶಿಕಾರಿಪುರದ ಕಡೆಯವರು, ಅವರು ಬಸ್ ಹತ್ತಿದ ಮೇಲೆ ಅದನ್ನೇ ಆಡಿಕೊಂಡು ನಗುತ್ತಿದ್ದೆವು.

ತಾಳಗುಂದ ನಮ್ಮೂರಿಗೆ ದೂರವಿಲ್ಲ. ಅಲ್ಲಿಯ ಕಂಬದ ಮೇಲಿನ ಅಕ್ಷರ ನೋಡಲು ಎಲ್ಲೆಲ್ಲಿಯವರೋ ಕಾರು ಮಾಡಿಕೊಂಡು ಬರುತ್ತಿದ್ದರು. ನಮ್ಮ ಕೆರೆ ಏರಿಯ ಮೇಲೂ ಸಾಲಾಗಿ ವೀರಗಲ್ಲುಗಳಿದ್ದವು. ನಾವು ಅವುಗಳ ಮೇಲೆ ಸೀರೆ ಒಣಗಿಸುತ್ತಿದ್ದೆವು.

ಮೊದಮೊದಲು ಪಾಠ ಶಾಲೆಯ ಜಗಲಿಯಲ್ಲಿತ್ತು. ಎದುರಿನ ಕಟ್ಟೆಯ ಮೇಲೆ ಗಂಡಸರು ಕೂತು, "ಏನವ್ವಾ, ಡಿಸಿ ಯಾವಾಗ ಆಗ್ತೀರಿ?" ಅಂತ ಚುಚ್ಚುವವರು. ಇಪ್ಪತ್ತು ಜನ ಇದ್ದವರು ಐದಾದೆವು. ಆಗ ಅಕ್ಕೋರು ಒಂದು ಉಪಾಯ ಮಾಡಿದರು. ಹೆಂಗಸರು ಬಟ್ಟೆ ಗಂಟು ಹೊತ್ತು ಕೆರೆಗೆ ಹೋದರೆ ಯಾಕೆ ಹೋದಿರಿ ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಪಾಠ ಕೆರೆಗೆ ಹೋಯಿತು. ಬಿಟ್ಟವರೆಲ್ಲ ತಿರುಗಿ ಬಂದರು.

ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ಸಿಲ್ಲು, ಕೆಂಪು ಮಸಿಯ ಪ್ಯಾಡು, ಮತ್ತೆ ಸವೆದ ಹವಾಯಿ ಚಪ್ಪಲಿ ಕೊಯ್ದು ಅವರೇ ಮಾಡಿದ ಬೆಳ್ಳಕ್ಕಿಯ ಮುದ್ರೆ. ಡಬ್ಬಿಯನ್ನು ಏರಿಯ ಮೇಲೆ ವಾರಕ್ಕೊಂದು ಕಡೆ ಬಚ್ಚಿಟ್ಟು ನಮ್ಮ ಕೈಗೆ ಚೀಟಿ ಕೊಡುವರು. ಚೀಟಿ ಓದಿದವರಿಗೆ ಡಬ್ಬಿ ಸಿಗುತ್ತದೆ, ಓದದವರಿಗೆ ಇಲ್ಲ. ಮೊದಲನೇ ಚೀಟಿ ನನಗೆ ಇನ್ನೂ ಬಾಯಿಪಾಠ. "ತೂಬು ದಾಟಿ ಬಾ. ಕುದುರೆ ಏರಿದವನ ಕಲ್ಲು ನೋಡು. ಅವನ ಬೆನ್ನ ಹಿಂದೆ ಕೈ ಹಾಕು."

ಇಷ್ಟು ಓದಲು ಅರ್ಧ ದಿನ ಹಿಡಿಯಿತು. ಕೈ ಹಾಕಿದೆ, ಡಬ್ಬಿ ಸಿಕ್ಕಿತು. ಹೆಸರು ಬರೆದೆ, ಪಕ್ಕಕ್ಕೆ ಬೆಳ್ಳಕ್ಕಿ ಒತ್ತಿದೆ, ಇದ್ದಲ್ಲೇ ಇಟ್ಟು ಬಟ್ಟೆ ಒಗೆಯಲು ಹೋದೆ. ಮದುವೆಯಾಗಿ ಬಂದಾಗಿನಿಂದ ಆ ಏರಿ ತುಳಿದಿದ್ದೆ. ಆ ಕಲ್ಲಿನವನು ಕುದುರೆ ಮೇಲಿದ್ದಾನೆ ಅಂತ ಕಂಡದ್ದು ಅವತ್ತೇ.

ನಮ್ಮ ನಮ್ಮ ಹೆಸರು ಕೈಗೆ ಹತ್ತಿದ ಮೇಲೆ ಅಕ್ಕೋರು ಹಳೆಯದನ್ನು ತೆಗೆದು ಡಬ್ಬಿಯೊಳಗೆ ಹೊಸ ಪುಸ್ತಕ ಇಟ್ಟರು. ಇದರಲ್ಲಿ ಗಂಡನ ಹೆಸರು ಬರೀರಿ ಅಂದರು. ನಾವು ಪೆನ್ಸಿಲ್ಲು ಕೆಳಗಿಟ್ಟೆವು. ಹೆಂಡತಿ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಅಂತ ನಂಬಿದವರು ನಾವು. ತಾಲೂಕು ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದವಳ ಮುಖ ನೋಡುತ್ತಿದ್ದೆವು. ನಮ್ಮ ಗಂಡನ ಹೆಸರು ಅವಳು ಹೇಳಬೇಕು, ಅವಳ ಗಂಡನದ್ದು ನಾವು.

"ಬಾಯಲ್ಲಿ ಹೇಳಬಾರ್ದು ಅಂತ ಅದೆ ಮಾರಾಯ್ತಿ. ಕೈಯಲ್ಲಿ ಬರೀಬಾರ್ದು ಅಂತ ಎಲ್ಲದೆ?" ಅಂದರು ಅಕ್ಕೋರು.

ಯೋಚನೆ ಮಾಡಿದೆವು. ಎಲ್ಲೂ ಇರಲಿಲ್ಲ. ಬರೆದೆವು. ನಮ್ಮನೆಯವರ ಹೆಸರಲ್ಲಿ ಎರಡು ಒತ್ತು, ಬಲು ಕಾಟ ಕೊಟ್ಟಿತು.

ನಾಲ್ಕೈದು ದಿನಕ್ಕೆ ಎಮ್ಮೆ ಕಾಯುವವರೊಬ್ಬರಿಗೆ ಡಬ್ಬಿ ಸಿಕ್ಕಿತು. ಕಲ್ಲಿನ ಹಿಂದೆ ಬಚ್ಚಿಟ್ಟ ಡಬ್ಬಿ. ಒಳಗೆ ಬರೀ ಊರ ಗಂಡಸರ ಹೆಸರು, ಸೊಟ್ಟಸೊಟ್ಟಗೆ. ಒಂದೊಂದು ಹೆಸರಿಗೂ ಒಂದು ಕೆಂಪು ಹಕ್ಕಿ. ಆ ವಾರವೇ ಪಟೇಲರ ಎಮ್ಮೆ ಸತ್ತಿತ್ತು, ನಾಲ್ಕು ಜನಕ್ಕೆ ಜ್ವರ ಬಂದಿತ್ತು. ಮಾಟ ಅಂದರು. ಡಬ್ಬಿಯನ್ನು ಕೋಲಲ್ಲಿ ತಳ್ಳಿಕೊಂಡು ತಂದು ತೂಬಿನ ಕಲ್ಲಿನ ಮೇಲೆ ಇಟ್ಟರು. ಮುಟ್ಟುವುದಕ್ಕೆ ಒಬ್ಬರಿಗೂ ಧೈರ್ಯವಿಲ್ಲ. ಮೀಸೆ ಮಾತ್ರ ಎಲ್ಲರಿಗೂ ಇತ್ತು.

ಹತ್ತು ಗಂಟೆ ಬಸ್ಸಿಗೆ ಅಕ್ಕೋರು ಬಂದರು. ಊರೆಲ್ಲ ಏರಿಯ ಮೇಲಿತ್ತು. ಪಟೇಲರು ಡಬ್ಬಿ ತೋರಿಸಿ, "ಯಾರದಿದು?" ಅಂದರು.

"ನಂದು."

"ಹೆಸರು ಬರೆದೋರು ಯಾರು?"

ಅಕ್ಕೋರು ಒಂದು ಸಲ ನಮ್ಮ ಕಡೆ ನೋಡಿದರು. ಯಾರ ಮನೆಯಲ್ಲಿ ಯಾರಿಗೆ ಏಟು ಬೀಳುತ್ತದೆ ಅಂತ ಅವರಿಗೆ ಗೊತ್ತಿತ್ತು. "ನಾನೇ ಬರೆದದ್ದು" ಅಂದುಬಿಟ್ಟರು.

"ಹಂಗಾದ್ರ ಬಂದ ಬಸ್ಸಿಗೇ ಹೋಗವ್ವ. ಇನ್ನ ಈ ಊರಾಗ ಕಾಲಿಡಬ್ಯಾಡ."

ಅಕ್ಕೋರು ಚೀಲ ಹೆಗಲಿಗೆ ಹಾಕಿಕೊಂಡರು. ಅವರು ಹೋದರೆ ಪಾಠ ಮುಗಿಯಿತು. ಹೆಬ್ಬೆಟ್ಟಿಗೆ ಮಸಿ ಬಳಿದುಕೊಂಡೇ ನಾವು ಸಾಯಬೇಕು. ಮೇಲಿಂದ ಮಾಟಗಾತಿ ಅನ್ನೋ ಹೆಸರು ಆ ಹುಡುಗಿಗೆ. ನನಗೆ ಸಿಟ್ಟು ನೆತ್ತಿಗೇರಿತು.

"ಸುಳ್ಳು ಯಾಕ ಹೇಳ್ತೀರಿ ಅಕ್ಕೋರೆ? ಇಷ್ಟು ಕೆಟ್ಟ ಅಕ್ಷರ ನಿಮ್ಮದಲ್ಲ, ನಂದು" ಅಂದೆ. ಹೋಗಿ ಡಬ್ಬಿಯಿಂದ ಪುಸ್ತಕ ತೆಗೆದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದೆ. "ಬ... ಸ... ವ... ಣ್ಣೆ... ಪ್ಪ. ಬಸವಣ್ಣೆಪ್ಪ. ನನ್ನ ಗಂಡ. ಅಲ್ಲಿ ನಿಂತಾರ ನೋಡ್ರಿ."

ನಮ್ಮನೆಯವರು ನನ್ನ ನೋಡಲಿಲ್ಲ, ನೀರು ನೋಡುತ್ತಾ ನಿಂತರು. ನನ್ನ ಹಿಂದೆ ಇನ್ನೊಬ್ಬಳು ಬಂದು ಅವಳ ಗಂಡನ ಹೆಸರು ಓದಿದಳು. ಆಮೇಲೆ ಮತ್ತೊಬ್ಬಳು... ಪಟೇಲರು ಕೆಂಡವಾಗಿ, "ನನ್ನ ಹೆಸರೂ ಐತಲ್ಲ, ಅದನ್ನ ಯಾರು ಗೀಚಿದ್ದು?" ಅಂದರು.

ಹೆಂಗಸರ ನಡುವಿನಿಂದ ಅವರ ಹೆಂಡತಿಯ ದನಿ ಬಂತು. "ನಾನ್ರೀ. ಒಂದು ಒತ್ತು ಬಿಟ್ಟೀನಿ. ಈಗ ಸುಮ್ನ ಮನಿಗೆ ನಡೀರಿ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ನಕ್ಕ ಮೇಲೆ ಮಾಟದ ಮಾತು ಉಳಿಯಲಿಲ್ಲ. ಪಟೇಲರು ಹೋದರು, ಉಳಿದವರು ಹಿಂದೆ ಹೋದರು. ನಮ್ಮತ್ತೆ ಒಂದು ತಿಂಗಳು ನನ್ನ ಒಲೆ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮಗನ ಆಯುಷ್ಯ ತಿಂದವಳು ಅಂದರು. ಒಳ್ಳೆಯದೇ ಆಯಿತು, ಕೂತು ಬರೆದೆ. ನಮ್ಮನೆಯವರು ಅಲ್ಲಿಂದಾಚೆ ಇಪ್ಪತ್ತು ವರ್ಷ ಬದುಕಿದರು. ಬೀಡಿ ಬಿಟ್ಟಿದ್ದರೆ ಇನ್ನೂ ಬದುಕುತ್ತಿದ್ದರು.

ಮುಂದಿನ ವಾರದ ಚೀಟಿಯಲ್ಲಿ ಎರಡೇ ಮಾತಿತ್ತು. "ಹುಡುಕಬೇಡ. ತೂಬಿನ ಮೇಲಿದೆ." ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಅಕ್ಕೋರು ಡಬ್ಬಿ ಇಟ್ಟಿದ್ದರು. ನಮ್ಮನ್ನು ಬಿಟ್ಟು ಯಾರೂ ಮುಟ್ಟಲಿಲ್ಲ.

ವರ್ಷ ಕಳೆದ ಮೇಲೆ ಸರ್ಕಾರದವರು ಪಾಠ ನಿಲ್ಲಿಸಿದರು. ಕೊನೆಯ ದಿನ ಅಕ್ಕೋರು ನಮಗೆಲ್ಲ ಒಂದೊಂದು ಅಂಚೆ ಕಾರ್ಡು ಕೊಟ್ಟರು. ತಮ್ಮ ವಿಳಾಸ ಅವರೇ ಬರೆದಿದ್ದರು. "ಕಾಗದ ಹಾಕ್ರೇ" ಅಂದರು. ನೋಡುತ್ತಾ ನಿಲ್ಲದೆ ಬಸ್ ಹತ್ತಿದರು.

ಭತ್ತದ ಕೊಯ್ಲು ಮುಗಿಯಲಿ ಅಂದುಕೊಂಡೆ. ಮಗಳ ಬಾಣಂತನ ಮುಗಿಯಲಿ ಅಂದುಕೊಂಡೆ. ಅಕ್ಷರ ಇನ್ನಷ್ಟು ದುಂಡಗಾಗಲಿ ಅಂತಲೂ... ಎಷ್ಟೋ ವರ್ಷದ ಮೇಲೆ ಆನವಟ್ಟಿ ಸಂತೆಯಲ್ಲಿ ಅವರ ಅಣ್ಣ ಸಿಕ್ಕರು. ಅಕ್ಕೋರು ತೀರಿಹೋಗಿ ಆಗಲೇ ಆರು ವರ್ಷ ಆಗಿತ್ತಂತೆ. ಏನಾಗಿತ್ತು ಅಂತ ಕೇಳಿದೆ, ಅವರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಾರ್ಡು ಈಗಲೂ ನನ್ನ ಟ್ರಂಕಿನಲ್ಲಿದೆ. ಒಂದು ಕಡೆ ಅವರ ದುಂಡಕ್ಷರ, ಇನ್ನೊಂದು ಕಡೆ ಖಾಲಿ. ಊರ ಎದುರು ನಿಂತು ಗಂಡನ ಹೆಸರು ಓದಿದವಳು ನಾನು. ಅವರಿಗೆ ಒಂದು ಸಾಲು ಬರೆಯಲಿಲ್ಲ. ಅದಕ್ಕೆ ಅತ್ತೆ ಅಡ್ಡ ಬಂದಿರಲಿಲ್ಲ, ಗಂಡ ಬಂದಿರಲಿಲ್ಲ, ಪಟೇಲರೂ ಬಂದಿರಲಿಲ್ಲ.